ಅಂಕಿತ, ಲಾಂಛನ ಮತ್ತು ನಿಂಬೆಯ ಚೀಲ

ಕಳೆದ ಮಾಗಿಯ ಒಂದು ರವಿವಾರ ಇಂಡಿಯ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದನು. ಬಿ.ಎ. ಮುಗಿಸಿ, ನೌಕರಿಗಾಗಿ ನಾಲ್ಕು ವರ್ಷ ಅಲೆದಾಡಿ, ಕೊನೆಗೆ ತಂದೆಯ ನಿಂಬೆಯ ತೋಟಕ್ಕೇ ಮರಳಿದವನು. ಈಗ ತನ್ನ ತೋಟದ ಕಾಯಿಯ ಜೊತೆಗೆ ಸುತ್ತಲಿನ ನಾಲ್ಕಾರು ರೈತರ ಕಾಯಿಯನ್ನೂ ಕೊಂಡು ಸೊಲ್ಲಾಪುರದ ಪೇಟೆಗೆ ಕಳಿಸುತ್ತಾನೆ. ಮನೆಯ ಹೆಣ್ಣುಮಕ್ಕಳು ಹಾಕಿದ ಉಪ್ಪಿನಕಾಯಿಯನ್ನು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಅಂಗಡಿಗಳಿಗೆ ಕೊಟ್ಟು ಬರುತ್ತಾನೆ. ಕೈಯಲ್ಲಿ ಸುರುಳಿ ಸುತ್ತಿದ ಒಂದು ಕಾಗದವಿತ್ತು. "ಸರ್, ನಮ್ಮ ಮಾಲಿಗೆ ಒಂದು ಲೋಗೋ ಬರಿಸೇನ್ರಿ. ನೀವು ನೋಡಿ ಹೂಂ ಅಂದ್ರ ಅಚ್ಚಿಗೆ ಕೊಡ್ತೀನಿ" ಎಂದನು.

ಕಾಗದ ಬಿಚ್ಚಿ ನೋಡಿದೆ. ನಡುವೆ ಒಂದು ಎತ್ತು. ಅದರ ಬೆನ್ನ ಹಿಂದೆ ಗೋಲಗುಮ್ಮಟ. ಕೆಳಗೆ ಭೀಮಾನದಿ, ಮೇಲೆ ಹುಟ್ಟುವ ಸೂರ್ಯ, ಎರಡೂ ಬದಿಗೆ ಎಲೆಸಹಿತ ನಿಂಬೆಹಣ್ಣು, ತಳದಲ್ಲಿ ಮೂರು ಸಾಲು ಅಕ್ಷರ. "ಇದರಾಗ ಇಡೀ ಜಿಲ್ಲಾ ಐತಲ್ಲಪಾ, ನೀ ಎಲ್ಲಿ ಅದಿ?" ಎಂದು ಕೇಳಿದೆ. ಅವನು ನಕ್ಕನು, ಆದರೆ ನಗೆ ಬಹಳ ಹೊತ್ತು ನಿಲ್ಲಲಿಲ್ಲ. "ಹೋದ ವರ್ಷ ಯಾರದೋ ಕೊಳತ ಕಾಯಿ ನಮ್ಮ ಹೆಸರಿನ ಮ್ಯಾಲ ಪ್ಯಾಟಿಗೆ ಹೋದುವ್ರಿ. ಚೀಲ ಎಲ್ಲಾ ಒಂದೇ ನಮೂನಿ. ಅಪ್ಪನ ಮೂವತ್ತು ವರ್ಷದ ಗಿರಾಕಿ ಈಗ ಫೋನ್ ಎತ್ತವಲ್ಲ. ಅದಕ್ಕ ಗುರುತು ಬೇಕಾಗೇದ್ರಿ" ಎಂದನು.

ಚಿತ್ರ ಬರೆಯುವುದು ನನ್ನ ಕಸುಬಲ್ಲ. ನಾನು ಕನ್ನಡ ಕಲಿಸುವವನು. ಆದರೆ ಅವನು ಹೋದ ಮೇಲೆ ಯೋಚಿಸುತ್ತ ಕುಳಿತಾಗ, ಅವನ ಪ್ರಶ್ನೆ ಹೊಸದೇನೂ ಅಲ್ಲವೆಂದು ತೋರಿತು. 'ಲೋಗೋ' ಎಂಬ ಮಾತು ನಿನ್ನೆ ಮೊನ್ನೆಯದಿರಬಹುದು. ವಸ್ತು ಮಾತ್ರ ಈ ಮಣ್ಣಿನಲ್ಲಿ ಬಹಳ ಹಳೆಯದು. ಗುರುತು, ಮುದ್ರೆ, ಅಂಕಿತ, ಲಾಂಛನ, ಠಸ್ಸೆ, ಛಾಪು, ಮೊಹರು ಎಂದು ಒಂದು ಕೆಲಸಕ್ಕೆ ಇಷ್ಟು ಹೆಸರುಗಳನ್ನು ಇಟ್ಟುಕೊಂಡ ಭಾಷೆ ಆ ಕೆಲಸದ ಬಗೆಗೆ ಸಾಕಷ್ಟು ಯೋಚಿಸಿರಲೇಬೇಕು. ಕುರಿಗಾರನು ಕುರಿಯ ಕಿವಿಗೆ ಹಾಕುವ ಕಚ್ಚು, ಕಣದಲ್ಲಿ ರಾಶಿಯ ಸುತ್ತ ಎಳೆಯುವ ಬೂದಿಯ ಗೆರೆ ಇವೆಲ್ಲ ಅದೇ ಜಾತಿಯವು. 'ಇದು ನನ್ನದು, ಇದಕ್ಕೆ ನಾನು ಹೊಣೆ' ಎಂದು ಹೇಳುವುದೇ ಇವುಗಳ ಕೆಲಸ. ಮೊದಲ ಅರ್ಧವನ್ನು ಎಲ್ಲರೂ ಬಲ್ಲರು; ಎರಡನೆಯ ಅರ್ಧವನ್ನು ಮರೆಯುವುದು ಸುಲಭ.

ರಾಜರ ಲಾಂಛನಗಳಿಂದಲೇ ಪ್ರಾರಂಭಿಸೋಣ. ಕದಂಬರಿಗೆ ಸಿಂಹ, ಗಂಗರಿಗೆ ಆನೆ, ಬಾದಾಮಿಯ ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ಇವು ಕೇವಲ ಅಲಂಕಾರಗಳಾಗಿರಲಿಲ್ಲ. ದಾನಪತ್ರದ ತಾಮ್ರದ ಹಲಗೆಗಳನ್ನು ಒಂದು ಬಳೆಯಲ್ಲಿ ಪೋಣಿಸಿ, ಬಳೆಯ ತುದಿಗಳು ಕೂಡುವಲ್ಲಿ ಲಾಂಛನದ ಮುದ್ರೆ ಒತ್ತುತ್ತಿದ್ದರು. ನಡುವೆ ಒಂದು ಹಲಗೆಯನ್ನು ತೆಗೆಯಬೇಕಾದರೂ ಸೇರಿಸಬೇಕಾದರೂ ಆ ಮುದ್ರೆ ಮುರಿಯಲೇಬೇಕು. ಓದು ಬಾರದ ಒಕ್ಕಲಿಗನೂ ಮುದ್ರೆಯನ್ನು ನೋಡಿ 'ಇದು ಅರಸನ ಮಾತು' ಎಂದು ನಂಬುತ್ತಿದ್ದನು. ಚಾಲುಕ್ಯರ ವರಾಹವಂತೂ ನಾಣ್ಯದ ಮೇಲೆ ಕುಳಿತು ನಾಣ್ಯಕ್ಕೇ ತನ್ನ ಹೆಸರನ್ನು ಕೊಟ್ಟಿತು. ಆ ವಂಶ ಅಳಿದು ಶತಮಾನಗಳಾದ ಮೇಲೂ ಕನ್ನಡಿಗರು ಹೊನ್ನಿನ ನಾಣ್ಯವನ್ನು 'ವರಹ' ಎಂದೇ ಎಣಿಸಿದರು. ಗುರುತೊಂದು ಜನರ ನಾಲಗೆಯ ಮೇಲೆ ನಿಂತಿತೆಂದರೆ ಅದರ ಆಯುಷ್ಯ ಒಡೆಯನ ಆಯುಷ್ಯಕ್ಕಿಂತ ದೊಡ್ಡದು.

ಅರಸರ ಮಾತಾಯಿತು. ವ್ಯಾಪಾರಿಗಳ ಗುರುತು? ಅದಕ್ಕೂ ದೂರ ಹೋಗಬೇಕಾಗಿಲ್ಲ. 1997ರ ವರೆಗೆ ನಮ್ಮ ಬಿಜಾಪುರ ಜಿಲ್ಲೆಯಲ್ಲಿಯೇ ಇದ್ದು, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಐಹೊಳೆಯೇ ಶಾಸನಗಳ ಅಯ್ಯಾವೊಳೆ. ಆ ಊರಿನ ಹೆಸರನ್ನು ಹೊತ್ತ 'ಅಯ್ಯಾವೊಳೆ ಐನೂರ್ವರು' ಎಂಬ ವರ್ತಕರ ಸಂಘ ಕರ್ನಾಟಕ, ಆಂಧ್ರ, ತಮಿಳುನಾಡುಗಳನ್ನೆಲ್ಲ ಸುತ್ತಿತು. 11ನೆಯ ಶತಮಾನದ ಶಿಕಾರಿಪುರದ ಶಾಸನವೊಂದು ಅವರ ಸರಕುಗಳನ್ನು ಪಟ್ಟಿ ಮಾಡಿ ಹೇಳುತ್ತದೆ: ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ. ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ 1088ರ ತಮಿಳು ಶಾಸನವೊಂದು ಈ ಐನೂರ್ವರ ಹೆಸರನ್ನು ಹೇಳುತ್ತದೆ. ಮಲಪ್ರಭೆಯ ದಂಡೆಯ ಊರಿನ ಹೆಸರು ಕಡಲು ದಾಟಿ ಅಷ್ಟು ದೂರ ಹೋಗಿತ್ತು.

ಈ ಐನೂರ್ವರಿಗೊಂದು ಧ್ವಜವಿತ್ತು; ಅವರ ಗುರುತು ವೃಷಭ. ಅವರಿಗೊಂದು ಕಟ್ಟಳೆಯೂ ಇತ್ತು. ಅದನ್ನು ಶಾಸನಗಳು 'ಬಣಂಜು ಧರ್ಮ' ಎಂದು ಕರೆಯುತ್ತವೆ. ತಾವು ಆ ಧರ್ಮವನ್ನು ಪಾಲಿಸುವವರೆಂಬುದೇ ಅವರ ಪ್ರಶಸ್ತಿಗಳಲ್ಲಿ ಮುಖ್ಯವಾದ ಮಾತು. ಧ್ವಜ ಮತ್ತು ಧರ್ಮ ಒಟ್ಟಿಗೆ ಬರುವುದನ್ನು ನಾವು ಗಮನಿಸಬೇಕು. ಪರಊರಿನ ಸಂತೆಯಲ್ಲಿ, ಪರಭಾಷೆಯ ಜನರ ನಡುವೆ, ಪರಿಚಯವಿಲ್ಲದ ವರ್ತಕನನ್ನು ನಂಬಲು ಜನರಿಗೆ ಬೇರೆ ಯಾವ ಆಧಾರವಿತ್ತು? ಈತನು ತಪ್ಪಿದರೆ ಕೇಳಲು ಐನೂರ್ವರು ಇದ್ದಾರೆ ಎಂಬ ಭರವಸೆಯೊಂದೇ.

ಈಗ ನನ್ನ ವಿದ್ಯಾರ್ಥಿಯ ಎತ್ತಿನ ಕಡೆಗೆ ಬರೋಣ. ಅವನು ಎತ್ತನ್ನು ಆರಿಸಿದ್ದು ಸಹಜವೇ. ಬಸವನ ಬಾಗೇವಾಡಿ ಎಂಬ ಹೆಸರಿನಲ್ಲಿಯೇ ಬಸವನಿದ್ದಾನೆ. 'ಬಸವ' ಎಂಬುದು ಸಂಸ್ಕೃತದ 'ವೃಷಭ'ದ ತದ್ಭವ. ಆದರೆ ಬಸವಣ್ಣನವರ ಕಾಲದ ಎತ್ತುಗಳನ್ನು ಎಣಿಸಿ ನೋಡಿ. ಶಿವಾಲಯದ ಮುಂದೆ ನಂದಿ. ಅಯ್ಯಾವೊಳೆಯ ವರ್ತಕರ ಧ್ವಜದಲ್ಲಿ ವೃಷಭ. ಕಲ್ಯಾಣವನ್ನು ಆಳಿದ ಕಳಚುರಿ ಬಿಜ್ಜಳನ ವಂಶಕ್ಕೆ 'ಸುವರ್ಣ ವೃಷಭಧ್ವಜ' ಎಂಬ ಬಿರುದು. ಒಂದೇ ಪ್ರಾಣಿ ದೇವರದು, ಸಂಘದ್ದು, ಸಿಂಹಾಸನದ್ದು ಆಗಿತ್ತು. ಮುಂದೆ ಸ್ವತಂತ್ರ ಭಾರತದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ, 1951-52ರಲ್ಲಿ, ಓದು ಬಾರದ ಕೋಟ್ಯಂತರ ಮತದಾರರಿಗಾಗಿ ಪಕ್ಷಗಳಿಗೆ ಚಿಹ್ನೆ ಹಂಚಿದಾಗ ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು ಬಂದಿತು. ಇಷ್ಟು ಜನರು ಹಿಡಿದ ಗುರುತನ್ನು ನಿಂಬೆಯ ವ್ಯಾಪಾರಿಯೊಬ್ಬನು ಹಿಡಿದರೆ ಎತ್ತಿಗೇನೂ ನಷ್ಟವಿಲ್ಲ. ಅವನೇ ಗುಂಪಿನಲ್ಲಿ ಕಳೆದುಹೋಗುತ್ತಾನೆ.

ಹಾಗಾದರೆ ಗುಂಪಿನಲ್ಲಿದ್ದೂ ಬೇರೆಯಾಗಿ ಕಾಣುವುದು ಹೇಗೆ? ಈ ಪ್ರಶ್ನೆಗೆ ಶರಣರು ಕೊಟ್ಟ ಉತ್ತರ ಬಹಳ ಸ್ವಾರಸ್ಯವಾದುದು. ವಚನದ ಕೊನೆಗೆ ಬರುವ ಅಂಕಿತ ಅವರವರ ಇಷ್ಟದೈವದ ಹೆಸರು. ಬಸವಣ್ಣನವರದು 'ಕೂಡಲಸಂಗಮದೇವ.' ಅವರ ಮನೆಯವರ ಅಂಕಿತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಚೆನ್ನಬಸವಣ್ಣನದು 'ಕೂಡಲಚೆನ್ನಸಂಗಮದೇವ.' ಗಂಗಾಂಬಿಕೆಯದು 'ಗಂಗಾಪ್ರಿಯ ಕೂಡಲಸಂಗ.' ಅಕ್ಕನಾಗಮ್ಮನದು 'ಬಸವಣ್ಣಪ್ರಿಯ ಚೆನ್ನಸಂಗಯ್ಯ.' ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಐಕ್ಯಳಾದಳೆಂದು ಜನರು ನಂಬುವ ನೀಲಾಂಬಿಕೆಯದು ಬರಿಯ 'ಸಂಗಯ್ಯ.' ಮನೆತನ ಒಂದೇ ಎಂಬುದು ಕಿವಿಗೆ ಬಿದ್ದ ಕೂಡಲೆ ತಿಳಿಯುತ್ತದೆ; ವ್ಯಕ್ತಿ ಬೇರೆ ಎಂಬುದೂ ತಿಳಿಯುತ್ತದೆ. ಹಾಗೆಯೇ ಸೊನ್ನಲಿಗೆಯ ಸಿದ್ಧರಾಮನದು 'ಕಪಿಲಸಿದ್ಧಮಲ್ಲಿಕಾರ್ಜುನ', ಅಕ್ಕಮಹಾದೇವಿಯದು 'ಚೆನ್ನಮಲ್ಲಿಕಾರ್ಜುನ.' ದೈವ ಒಂದೇ, ಹೆಜ್ಜೆಗುರುತು ಬೇರೆ. ಅಂಬಿಗರ ಚೌಡಯ್ಯನಂತೂ ಯಾವ ದೈವದ ಹೆಸರನ್ನೂ ಹಾಕದೆ ತನ್ನ ಕಾಯಕದ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಅಂಕಿತ ಮಾಡಿಕೊಂಡನು. ದೋಣಿ ನಡೆಸುವವನು ತನ್ನ ಕಸುಬನ್ನೇ ಮುದ್ರೆಯಾಗಿ ಒತ್ತಿದ ಆ ಧೈರ್ಯ ಇಂದಿಗೂ ನಮ್ಮನ್ನು ಬೆರಗುಗೊಳಿಸುತ್ತದೆ.

ಆದರೆ ಹೆಸರಾದ ಗುರುತಿಗೆ ಕಳ್ಳರ ಕಾಟವೂ ಇದ್ದೇ ಇದೆ. ಓಲೆಗರಿಯಿಂದ ಓಲೆಗರಿಗೆ ಇಳಿಯುವಾಗ ಯಾರೋ ಕಟ್ಟಿದ ಮಾತಿಗೆ ದೊಡ್ಡ ಶರಣರ ಅಂಕಿತ ಅಂಟಿಕೊಂಡದ್ದುಂಟು. ವಿದ್ವಾಂಸರು ಇವನ್ನು 'ಖೊಟ್ಟಿ ವಚನ'ಗಳೆಂದು ಕರೆದರು. 'ಖೊಟ್ಟಿ' ಎಂಬುದು ಕಳ್ಳನಾಣ್ಯಕ್ಕೆ ಹೇಳುವ ಮಾತು. ಪೇಟೆಯ ಮಾತನ್ನೇ ಸಾಹಿತ್ಯಕ್ಕೆ ತರಬೇಕಾಯಿತು! ವಿಜಯಪುರದಲ್ಲಿ ವಕೀಲರಾಗಿದ್ದುಕೊಂಡು ವಚನದ ಓಲೆಗಳಿಗಾಗಿ ಮನೆ ಮನೆ ತಿರುಗಿ, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಹಾಕಿದ ಫ. ಗು. ಹಳಕಟ್ಟಿಯವರಿಂದ ಹಿಡಿದು, 1993ರಲ್ಲಿ 15 ಸಂಪುಟಗಳಾಗಿ ಹೊರಬಂದ ಸಮಗ್ರ ವಚನ ಸಂಪುಟದ ಪ್ರಧಾನ ಸಂಪಾದಕರಾಗಿದ್ದ, ಸಿಂದಗಿ ತಾಲೂಕಿನ ಯರಗಲ್ಲಿನ ಎಂ. ಎಂ. ಕಲಬುರ್ಗಿಯವರ ವರೆಗೆ, ವಚನಗಳನ್ನು ಕೂಡಿಸಿ ಅಚ್ಚಿಗೆ ತಂದವರೆಲ್ಲರ ಮುಂದೆ ನಿಂತ ಪ್ರಶ್ನೆ ಇದು: ಈ ಮಾತು ಈ ಅಂಕಿತಕ್ಕೆ ಸಲ್ಲುವುದೋ, ಇಲ್ಲವೋ? ಅಂಕಿತ ಇದೆಯೆಂಬಷ್ಟಕ್ಕೇ ಅವರು ಒಪ್ಪುವಂತಿರಲಿಲ್ಲ. ಭಾಷೆ ನೋಡಬೇಕು, ಭಾವ ನೋಡಬೇಕು, ಹಳೆಯ ಓಲೆಗಳಲ್ಲಿ ಇದೆಯೇ ಎಂದು ನೋಡಬೇಕು.

ಅಂಕಿತದ ಮೇಲೆ ಜನರಿಗೆ ಎಂತಹ ಮಮತೆಯೆಂಬುದಕ್ಕೆ ನಮ್ಮ ಕಾಲದ ನಿದರ್ಶನವೂ ಇದೆ. ಬಸವಣ್ಣನವರ ವಚನಗಳಲ್ಲಿ 'ಕೂಡಲಸಂಗಮದೇವ' ಎಂಬುದನ್ನು ತೆಗೆದು 'ಲಿಂಗದೇವ' ಎಂದು ಹಾಕಿ ಅಚ್ಚು ಮಾಡಿದ ಪುಸ್ತಕವೊಂದನ್ನು ಕರ್ನಾಟಕ ಸರಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋಗಿ, 2017ರಲ್ಲಿ ಸರಕಾರದ ಆಜ್ಞೆಯೇ ನಿಂತಿತು. ಎಂಟು ನೂರು ವರ್ಷಗಳ ಹಿಂದಿನ ಒಂದು ಅಂಕಿತಕ್ಕಾಗಿ ಸುಮಾರು ಇಪ್ಪತ್ತು ವರ್ಷಗಳ ವ್ಯಾಜ್ಯ! ಮಾತನ್ನು ಆಡಿದವನ ಗುರುತನ್ನು ಇನ್ನೊಬ್ಬನು ಬದಲಿಸಬಹುದೇ ಎಂಬುದು ಸಣ್ಣ ಪ್ರಶ್ನೆಯಲ್ಲ.

'ಲಾಂಛನ' ಎಂಬ ಮಾತಿಗೂ ಶರಣರು ಹೊಸ ತೂಕವನ್ನು ಕೊಟ್ಟರು. ಅವರಲ್ಲಿ ಲಾಂಛನವೆಂದರೆ ಮೈಮೇಲಿನ ವಿಭೂತಿ, ರುದ್ರಾಕ್ಷಿ, ಲಿಂಗ. ಲಾಂಛನಧಾರಿಯನ್ನು ಕಂಡರೆ ಗೌರವಿಸಬೇಕೆಂಬ ಮಾತೂ ವಚನಗಳಲ್ಲಿದೆ; ನಡತೆಯಿಲ್ಲದ ಲಾಂಛನ ಬರಿಯ ವೇಷವೆಂಬ ಕಟುವಾದ ಮಾತೂ ಇದೆ. ಸಂಸ್ಕೃತದಲ್ಲಿಯೂ ಈ ಶಬ್ದಕ್ಕೆ ಎರಡು ಮುಖಗಳಿವೆ: ಗುರುತು ಎಂದೂ ಅರ್ಥ, ಚಂದ್ರನ ಮೇಲಿನ ಕಲೆ ಎಂದೂ ಅರ್ಥ. ಅದೇ ಗುರುತು ನಡೆದುಕೊಂಡಂತೆ ಕೀರ್ತಿಯೂ ಆಗಬಹುದು, ಕಳಂಕವೂ ಆಗಬಹುದು.

ಕಾಲ ಬದಲಾಯಿತು. ಯಂತ್ರಗಳು ಬಂದು, ಸರಕು ಮಾಡಿದವನಿಗೂ ಕೊಂಡವನಿಗೂ ಮುಖಪರಿಚಯವಿಲ್ಲದಂತಾಯಿತು. ಆಗ ಗುರುತಿಗೆ ಕಾನೂನಿನ ಕಾವಲು ಬೇಕಾಯಿತು. ಇಂಗ್ಲೆಂಡಿನಲ್ಲಿ 1875ರ ಕಾಯಿದೆಯ ಮೇರೆಗೆ 1876ರ ಜನವರಿ 1ರಂದು ಮೊಟ್ಟಮೊದಲು ನೋಂದಣಿಯಾದ ಗುರುತು ಬಾಸ್ ಎಂಬ ಮದ್ಯ ತಯಾರಕರ ಕೆಂಪು ತ್ರಿಕೋನ. ಎಷ್ಟು ಸರಳ! ಮೂರು ಗೆರೆ, ಒಂದು ಬಣ್ಣ. ಅದೇ ಕಾಲದಲ್ಲಿ ಮ್ಯಾಂಚೆಸ್ಟರಿನ ಗಿರಣಿಗಳು ನಮ್ಮ ದೇಶಕ್ಕೆ ಕಳಿಸುತ್ತಿದ್ದ ಬಟ್ಟೆಯ ಥಾನಿನ ಮೇಲೆ ಬಣ್ಣಬಣ್ಣದ ಕಲ್ಲಚ್ಚಿನ ಚೀಟಿಗಳನ್ನು ಅಂಟಿಸುತ್ತಿದ್ದವು. ಅವುಗಳಲ್ಲಿ ನಮ್ಮ ದೇವದೇವತೆಗಳೂ ಆನೆ ಹುಲಿಗಳೂ ಇರುತ್ತಿದ್ದವು. ಓದು ಬಾರದ ಗಿರಾಕಿ ಚಿತ್ರವನ್ನು ಹೇಳಿಯೇ ಬಟ್ಟೆ ಕೇಳುತ್ತಿದ್ದನು. ಭಾರತದಲ್ಲಿ 1889ರಲ್ಲಿ ಸರಕಿನ ಗುರುತುಗಳ ಕಾಯಿದೆ, 1940ರಲ್ಲಿ ವ್ಯಾಪಾರ ಚಿಹ್ನೆಗಳ ನೋಂದಣಿಯ ಕಾಯಿದೆ, 1958ರಲ್ಲಿ ಅದರ ಪರಿಷ್ಕಾರ, ಕೊನೆಗೆ 1999ರ ಕಾಯಿದೆ ಬಂದವು. ಈಗ ನಡೆಯುತ್ತಿರುವುದು ಈ ಕೊನೆಯದು. ನೋಂದಣಿ 10 ವರ್ಷ ನಡೆಯುತ್ತದೆ. ಮತ್ತೆ ಮತ್ತೆ ನವೀಕರಿಸಬಹುದು.

ಈ ಕಾಯಿದೆಯಲ್ಲಿಯೂ ನಮ್ಮ ಹಿರಿಯರು ಒಪ್ಪುವಂತಹ ವಿವೇಕವಿದೆ. ಸರಕಿನ ಗುಣವನ್ನೋ ಹುಟ್ಟಿದ ಊರನ್ನೋ ಮಾತ್ರ ಹೇಳುವ ಶಬ್ದವನ್ನು ಸಾಮಾನ್ಯವಾಗಿ ಒಬ್ಬನ ಸೊತ್ತಾಗಿ ಕೊಡುವುದಿಲ್ಲ. 'ಸಿಹಿ ಬೆಲ್ಲ' ಎಂಬುದನ್ನು ಒಬ್ಬನೇ ಹಿಡಿದಿಟ್ಟುಕೊಂಡರೆ ಉಳಿದವರು ತಮ್ಮ ಬೆಲ್ಲವನ್ನು ಏನೆಂದು ಕರೆಯಬೇಕು? ಜನರ ಶ್ರದ್ಧೆಗೆ ನೋವು ತರುವ ಗುರುತಿಗೂ ಅವಕಾಶವಿಲ್ಲ. ಊದುಬತ್ತಿಗೆ 'ರಾಮಾಯಣ' ಎಂಬ ಹೆಸರನ್ನು ಕೇಳಿದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2015ರಲ್ಲಿ, ಪವಿತ್ರ ಗ್ರಂಥದ ಹೆಸರನ್ನು ಒಬ್ಬನೇ ತನ್ನ ಸರಕಿಗೆ ಮೀಸಲು ಮಾಡಿಕೊಳ್ಳಲಾರನೆಂದು ಹೇಳಿತು. ಎಲ್ಲರ ಸೊತ್ತಾದುದು ಎಲ್ಲರಿಗೂ ಉಳಿಯಬೇಕು. ನಮ್ಮ ನಾಲ್ಕು ತಾಲೂಕುಗಳ ವ್ಯಾಪಾರಿಗಳು ಬಸವಣ್ಣನವರ ಹೆಸರನ್ನು ಅಂಗಡಿಗೆ ಇಡುವುದು ಭಕ್ತಿಯಿಂದ. ಅದರ ಮೇಲೆ ಹಕ್ಕು ಕೇಳಲು ಹೊರಟರೆ ಮಾತ್ರ ಬೇರೆ ಮಾತು.

ನಮ್ಮ ನಾಡಿನಲ್ಲಿ ಚೆನ್ನಾಗಿ ಆರಿಸಿದ ಗುರುತಿಗೆ ಉದಾಹರಣೆ ಬೇಕಾದರೆ ಮೈಸೂರು ಸ್ಯಾಂಡಲ್ ಸಾಬೂನನ್ನು ನೋಡಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಆ ಸಾಬೂನಿನ ಮೇಲೆ ಆನೆಯ ತಲೆ, ಸಿಂಹದ ಮೈಯುಳ್ಳ ಶರಭವಿದೆ. ಆನೆಯ ಬುದ್ಧಿ, ಸಿಂಹದ ಧೈರ್ಯ ಎಂದು ಅದರ ಅರ್ಥ ಹೇಳುತ್ತಾರೆ. ಅರ್ಥ ಗೊತ್ತಿಲ್ಲದವರಿಗೂ ಅದು ಗುರುತಾಗಿಯೇ ಇದೆ. ಏಕೆಂದರೆ ಪೊಟ್ಟಣ ಬಿಚ್ಚಿದ ಕೂಡಲೆ ಅದೇ ಗಂಧದ ವಾಸನೆ ಬರುತ್ತದೆ. ಶರಭವು ಸಾಬೂನಿಗೆ ಹೆಸರು ತಂದಿತೋ, ಗಂಧವು ಶರಭಕ್ಕೆ ಹೆಸರು ತಂದಿತೋ, ವಾಚಕರೇ ಹೇಳಬೇಕು.

ಈಗ ಇಂಡಿಯ ನಿಂಬೆ. ಊರಿನ ಹೆಸರೇ ಒಂದು ಗುರುತಾಗುವುದುಂಟೆಂಬುದಕ್ಕೆ ಇಂಡಿ ತಾಲೂಕಿನ ಸಾಲೋಟಗಿಯೇ ಸಾಕ್ಷಿ. ಅದರ ಹಳೆಯ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ 945ರ ಶಾಸನವು ಅಲ್ಲಿಯ ಶಾಲೆಯನ್ನೂ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ದೊರೆಯುತ್ತಿದ್ದ ನೆರವನ್ನೂ ಹೇಳುತ್ತದೆ. ಅಂದು ಆ ಊರಿನ ಹೆಸರೇ ವಿದ್ಯೆಗೆ ಮುದ್ರೆಯಾಗಿದ್ದಿರಬೇಕು. ಇಂದು ಅದೇ ಸೀಮೆಯ ಹೆಸರು ನಿಂಬೆಗೆ ಮುದ್ರೆಯಾಗಿದೆ. 2023ರಲ್ಲಿ ಇಂಡಿಯ ನಿಂಬೆಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಇದು ಒಬ್ಬ ವ್ಯಾಪಾರಿಯ ಗುರುತಲ್ಲ; ಆ ನೆಲದಲ್ಲಿ ಬೆಳೆಯುವವರೆಲ್ಲರದು. ಬೇರೆ ಕಡೆಯ ಕಾಯಿಗೆ ಆ ಹೆಸರನ್ನು ಅಂಟಿಸುವಂತಿಲ್ಲ.

ಆದರೆ ನೆಲದ ಹೆಸರು ಅರ್ಧ ಮಾತು ಮಾತ್ರ. 'ಇದು ಇಂಡಿಯ ಕಾಯಿ' ಎಂದು ಅದು ಹೇಳುತ್ತದೆ. 'ಕೊಳೆತದ್ದನ್ನು ಆರಿಸಿ ತೆಗೆದವರು ಯಾರು' ಎಂದು ಹೇಳುವುದಿಲ್ಲ. 'ಗಂಗಾಪ್ರಿಯ ಕೂಡಲಸಂಗ' ಎಂಬ ಅಂಕಿತ ನನಗೆ ಮತ್ತೆ ನೆನಪಾಯಿತು. 'ಕೂಡಲಸಂಗ' ಎಲ್ಲರದು, 'ಗಂಗಾಪ್ರಿಯ' ಅವಳೊಬ್ಬಳದು. ನನ್ನ ವಿದ್ಯಾರ್ಥಿಗೆ ಬೇಕಾದುದೂ ಇದೇ. ಇಂಡಿಯ ಹೆಸರು ಇರಲಿ. ಅದರ ಮುಂದೆ ಅವನದೆಂಬ ಒಂದು ಗೆರೆ ಬೇಕು.

ಮುಂದಿನ ತಿಂಗಳು ಅವನ ತೋಟಕ್ಕೆ ಹೋದೆ. ಅವನು ಮೊದಲಿನ ಚಿತ್ರವನ್ನೇ ತಗಡಿನಲ್ಲಿ ಕೊರೆಸಿ, ಗೋಣಿಚೀಲದ ಮೇಲೆ ಮಸಿ ಬಳಿದು ಪರೀಕ್ಷೆ ಮಾಡಿದ್ದನು. ಸೆಣಬಿನ ಎಳೆಯಲ್ಲಿ ಮಸಿ ಹರಡಿ ಗೋಲಗುಮ್ಮಟ ಮಡಕೆಯಾಗಿತ್ತು, ಎತ್ತು ನಾಯಿಯಾಗಿತ್ತು, ಭೀಮಾನದಿ ಒಂದು ಕಪ್ಪು ಪಟ್ಟಿಯಾಗಿತ್ತು. ಅವನ ತಂದೆ ಬೇವಿನ ಕಟ್ಟೆಯ ಮೇಲೆ ಕುಳಿತು ಇದನ್ನೆಲ್ಲ ನೋಡುತ್ತಿದ್ದರು. "ಮಾಸ್ತರ್ರ, ಮೊದಲ ನಾ ಚೀಲದ ಬಾಯಿ ಕೆಂಪು ದಾರದಿಂದ ಹೊಲಿತಿದ್ದೆ. ಸೊಲ್ಲಾಪುರದಾಗ 'ಕೆಂಪು ದಾರದವರ ಮಾಲು ಬಂತೇನು' ಅಂತ ಕೇಳತಿದ್ರು. ಹೊಲಿಯೋ ಮಶೀನ ಬಂತು, ದಾರ ಬಿಟ್ಟೆವು" ಎಂದರು. ಮಗನು ತಲೆ ಎತ್ತಿ ತಂದೆಯನ್ನು ನೋಡಿದನು. ಈ ಮಾತನ್ನು ಅವನು ಮೊದಲು ಕೇಳಿರಲಿಲ್ಲವಂತೆ.

ಗುರುತು ಅಲ್ಲಿಯೇ ಇತ್ತು, ಮರೆತುಹೋಗಿತ್ತು. ಒಂದು ದುಂಡನೆಯ ನಿಂಬೆ, ಅದರ ಅಡ್ಡಕ್ಕೆ ಹೊಲಿಗೆಯಂತೆ ಮೂರು ಗೀಟು. ಒಂದೇ ಬಣ್ಣ, ಕೆಂಪು. ಓಡುವ ಟೆಂಪೋದಿಂದಲೂ ಕಾಣುತ್ತದೆ, ಗೋಣಿಯ ಮೇಲೂ ಒಡೆಯುವುದಿಲ್ಲ, ಉಪ್ಪಿನಕಾಯಿಯ ಬಾಟಲಿಯ ಚೀಟಿಯ ಮೇಲೆ ಚಿಕ್ಕದಾಗಿಯೂ ಕೂಡುತ್ತದೆ; ಮಗುವೂ ಬೆರಳಿನಿಂದ ಮಣ್ಣಿನಲ್ಲಿ ಬರೆಯಬಹುದು. ಊರ ಚಿತ್ರಕಲೆಯ ಮಾಸ್ತರರು ಅರ್ಧ ತಾಸಿನಲ್ಲಿ ಬರೆದುಕೊಟ್ಟರು. "ಇಷ್ಟ ಸಾಕೇನ್ರಿ ಸರ್?" ಎಂದು ವಿದ್ಯಾರ್ಥಿ ಅನುಮಾನಿಸಿದನು.

ನಾನು ಉತ್ತರ ಕೊಡುವ ಮೊದಲೇ ಅವನ ತಂದೆ ಹೇಳಿದರು: "ಗುರುತು ಸಣ್ಣದಿದ್ರ ಸಣ್ಣದಿರಲಿ ತಮ್ಮಾ. ಕಾಯಿ ಹಗರ ಬಂದ ದಿವಸ ಮಾಲು ಮಾರು, ಬ್ಯಾಡನ್ನಂಗಿಲ್ಲ. ಆದ್ರ ಆ ದಿವಸ ಈ ಠಸ್ಸೆ ಹಾಕಬ್ಯಾಡ."

ಹಳೆಯ ಗಿರಾಕಿ ಮತ್ತೆ ಫೋನ್ ಎತ್ತಿದನೋ ಇಲ್ಲವೋ, ಅದು ಇನ್ನೊಂದು ಹಂಗಾಮಿಗೆ ತಿಳಿಯುವ ಮಾತು. ಐನೂರ್ವರು ಬಣಂಜು ಧರ್ಮವೆಂದು ಕಲ್ಲಿನಲ್ಲಿ ಕೊರೆಯಿಸಿದ್ದನ್ನು ಆ ಹಿರಿಯರು ಬೇವಿನ ಕಟ್ಟೆಯ ಮೇಲೆ ಕುಳಿತು ಎರಡು ಮಾತಿನಲ್ಲಿ ಹೇಳಿದ್ದರು. ನಾನು ಬರುವಾಗ ಅವರು ಒಂದು ಚೀಲ ಕಾಯಿ ಕೊಟ್ಟರು. ಅದರ ಬಾಯಿಯನ್ನು ಕೆಂಪು ದಾರದಿಂದ ಕೈಯಾರೆ ಹೊಲಿದಿದ್ದರು.